ಆಳುಬೀದಿಗೆ ಅಂಟಿದ ಹಕಾರ

ರೋಜಾಳ ಬಾಯಿಗೆ ‘ಹ’ ಎಂಬ ಅಕ್ಷರ ಬಂದು ಸೇರಿಕೊಂಡದ್ದು ಬಹಳ ತಡವಾಗಿ. ಮುಡುಕುತೊರೆಯ ಮಗ್ಗುಲಲ್ಲಿ ಅವಳು ಹುಟ್ಟಿ ಬೆಳೆದ ಬೀದಿಯಲ್ಲಿ ಯಾರೂ ಹೊಳೆಗೆ ಹೋಗುತ್ತಿರಲಿಲ್ಲ, ಎಲ್ಲರೂ ‘ಒಳೆಗೆ ಓಗ್ತಿದ್ರು’. ಹಾಲು ಕಾಯಿಸುತ್ತಿರಲಿಲ್ಲ, ‘ಆಲು’ ಕಾಯಿಸುತ್ತಿದ್ದರು. ಹಾಗಂತ ಹೊಳೆಯಲ್ಲಿ ನೀರೇನೂ ಕಡಿಮೆಯಾಗಿರಲಿಲ್ಲ, ಹಾಲೂ ಒಡೆದಿರಲಿಲ್ಲ.

ಹೈಸ್ಕೂಲಿಗೆಂದು ಟಿ. ನರಸೀಪುರಕ್ಕೆ ಬಂದ ಮೇಲೆ ಕಷ್ಟ ಶುರುವಾಯಿತು. ಪಾಠ ಗಟ್ಟಿಯಾಗಿ ಓದಲು ಎಬ್ಬಿಸಿ ನಿಲ್ಲಿಸಿದಾಗ ‘ಹಳ್ಳಿ’ ಬಂದಲ್ಲಿ ‘ಅಳ್ಳಿ’ ಎಂದರೆ ಇಡೀ ಕ್ಲಾಸು ನಗುತ್ತಿತ್ತು. ನಗುವವರ ಮನೆಗಳಲ್ಲೂ ಹಾಗೆಯೇ ಮಾತಾಡುತ್ತಿದ್ದರು ಎನ್ನುವುದು ಬೇರೆ ಮಾತು. ನಗುವುದಕ್ಕೆ ಯಾರಾದರೊಬ್ಬರು ಬೇಕಲ್ಲ, ಕೂಲಿಯ ಚನ್ನಯ್ಯನ ಮಗಳು ಸಿಕ್ಕಿದಳು. ರೋಜಾ ಹಟ ಹಿಡಿದು ‘ಹ’ ಕಲಿತಳು. ಎಷ್ಟರಮಟ್ಟಿಗೆ ಕಲಿತಳೆಂದರೆ ಒಂದು ದಿನ ಎದ್ದು ನಿಂತು “ಹಾನೆ ಹರಮನೆಗೆ ಹೋಯಿತು” ಎಂದು ಓದಿಬಿಟ್ಟಳು. ಅವತ್ತು ಮೇಷ್ಟ್ರೂ ನಕ್ಕರು. ಮನೆಗೆ ಬಂದು ಅತ್ತಾಗ ಚನ್ನಯ್ಯ ಅವಳ ತಲೆ ಸವರಿ, “ಉಸ್ರು ಸುಮ್ಕೆ ಬರಾಕಿಲ್ಲ ಕಣ್ ಮಗಾ, ಎಲ್ಲಾದ್ಕೂ ಯಾಕೆ ಕರ್ಚು ಮಾಡೀಯೆ” ಎಂದ. ಅಪ್ಪನ ಈ ಮಾತು ಅವಳಿಗೆ ಸಮಾಧಾನ ಕೊಟ್ಟಿತೇ ಹೊರತು ಬುದ್ಧಿ ಕೊಡಲಿಲ್ಲ. ಅನುಮಾನ ಬಂದಲ್ಲಿ ಒಂದು ‘ಹ’ ಹಾಕಿಬಿಡುವುದೇ ಕ್ಷೇಮ ಎಂಬ ಲೆಕ್ಕಾಚಾರ ಅವಳೊಳಗೆ ಉಳಿದುಬಿಟ್ಟಿತು.

ಡಿಗ್ರಿ ಮುಗಿದು, ಸಿದ್ದುವನ್ನು ಮದುವೆಯಾಗಿ ನಂಜನಗೂಡಿಗೆ ಬಂದಳು. ಸಿದ್ದುವಿಗೆ ಊರಾಚೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ಇಬ್ಬರೂ ದುಡಿಯುವವರು, ಬಾಡಿಗೆ ತಪ್ಪಿಸುವವರಲ್ಲ. ಆದರೂ ಒಂದು ಮನೆಯಲ್ಲಿ ನೆಲೆ ನಿಲ್ಲಲಿಲ್ಲ. ಮನೆ ತೋರಿಸುವವರು ನಲ್ಲಿ ತೋರಿಸಿ, ಅಡುಗೆಮನೆ ತೋರಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡು, “ನೀವು ಯಾವ ಜನ?” ಎಂದು ಕೇಳುತ್ತಿದ್ದರು. ಕೇಳದೇ ಇದ್ದವರು ಗೋಡೆಗೆ ಬುದ್ಧನ ಪಟ ಏರಿದ ಮೇಲೆ ತಾವೇ ಉತ್ತರ ಕಂಡುಕೊಂಡು, ತಂಗಿಯ ಮಗಳಿಗೆ ಮನೆ ಬೇಕಾಗಿದೆ ಎನ್ನುತ್ತಿದ್ದರು. ನಂಜನಗೂಡಿನ ಮನೆ ಮಾಲೀಕರಿಗೆಲ್ಲ ತಂಗಿಯ ಮಕ್ಕಳೇ ಜಾಸ್ತಿ ಎಂದು ಸಿದ್ದು ನಗೆಯಾಡುತ್ತಿದ್ದ. ರೋಜಾಳಿಗೆ ನಗು ಬರುತ್ತಿರಲಿಲ್ಲ.

ಹೀಗೆ ಸ್ವಂತಕ್ಕೊಂದು ನೆಟ್ಟಗಿನ ಸೂರಿಲ್ಲದ ರೋಜಾಳಿಗೆ ಸಿಕ್ಕಿದ ಕೆಲಸವಾದರೂ ಏನು? ಊರಿನವರೆಲ್ಲರ ಮನೆಗಳ ಮುಂದಿನ ಕಾಲು ಶತಮಾನದ ಭವಿಷ್ಯ ಬರೆದುಕೊಳ್ಳುವುದು. ನಂಜನಗೂಡು ಮತ್ತು ಟಿ. ನರಸೀಪುರದ ಹಳೆಯ ಬೀದಿಗಳನ್ನು ಹೇಗೆ ಮತ್ತೆ ಜೀವಂತ ಮಾಡುವುದು, ಯಾವುದನ್ನು ಉಳಿಸುವುದು, ಯಾವುದನ್ನು ದುರಸ್ತಿ ಮಾಡುವುದು, ಯಾವುದನ್ನು ಕೆಡವಿ ಹೊಸದಾಗಿ ಕಟ್ಟುವುದು ಎಂದು ಒಂದು ದೊಡ್ಡ ಯೋಜನೆ ತಯಾರಾಗುತ್ತಿತ್ತು. ಅದರ ಮುಖ್ಯಸ್ಥೆ ಮೈತ್ರೇಯಿ, ಮೈಸೂರಿನವರು, ನಗರ ಯೋಜನೆಯನ್ನೇ ಓದಿದವರು. ಅವರ ಕೈಕೆಳಗೆ ಸರ್ವೆ ಮಾಡುವವರಲ್ಲಿ ರೋಜಾ ಒಬ್ಬಳು. ಟ್ಯಾಬ್ ಹಿಡಿದು ಬೀದಿ ಬೀದಿ ಸುತ್ತಿ ಯಾವ ಮನೆಯಲ್ಲಿ ಜನ ಇದ್ದಾರೆ, ಮೋರಿ ಎತ್ತ ಹರಿಯುತ್ತದೆ, ಯಾವ ಗೋಡೆ ವಾಲಿದೆ ಎಂದು ಗುರುತು ಹಾಕಬೇಕು. “ಜನ ಬೀದಿಗೆ ಏನಂತ ಕರೀತಾರೋ ಅದನ್ನೂ ಬರ್ಕೊಳ್ಳಿ. ಬೋರ್ಡಿನ ಮೇಲಿರೋ ಹೆಸರು ಬೇಡ” ಎಂದು ಮೈತ್ರೇಯಿ ಮೊದಲ ದಿನವೇ ಹೇಳಿದ್ದರು.

ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ರೋಜಾಳಿಗೆ ಕುತೂಹಲ ಹುಟ್ಟುಗುಣ. ಹಿತ್ತಿಲಲ್ಲಿ ಬಾವಿ ಇದೆಯೇ ಎಂದು ಕೇಳಲು ಹೋದವಳು, ಬಾವಿ ಯಾಕೆ ಮುಚ್ಚಿತು, ಮುಚ್ಚಿದ ವರ್ಷ ಆ ಮನೆಯ ಅಣ್ಣತಮ್ಮಂದಿರು ಯಾಕೆ ಮಾತು ಬಿಟ್ಟರು ಎನ್ನುವವರೆಗೆ ಕೇಳಿಕೊಂಡು, ಕಾಫಿ ಕುಡಿದು ಬರುತ್ತಿದ್ದಳು. ಇಷ್ಟೆಲ್ಲ ಕೇಳುವವಳು ಒಂದು ಬೀದಿಯಲ್ಲಿ ಮಾತ್ರ ಕೇಳಬೇಕಾದ್ದನ್ನು ಕೇಳಲಿಲ್ಲ.

ನಂಜನಗೂಡಿನ ಆ ಬೀದಿ ಕಪಿಲಾ ಹೊಳೆಯ ಕಡೆಗೆ ಇಳಿಯುತ್ತಾ ಹೋಗಿ ನಡುವೆ ಸೊಟ್ಟಗೆ ತಿರುಗುತ್ತದೆ. ಹಂಚಿನ ಮನೆಗಳು, ಎತ್ತರದ ಜಗಲಿಗಳು. ಅವಳು ಹೋದಾಗಲೆಲ್ಲ ಹಗಲು ಹೊತ್ತು, ಅರ್ಧಕ್ಕರ್ಧ ಮನೆಗಳಿಗೆ ಬೀಗ. ತಿರುವಿನ ಮೂಲೆಮನೆಯ ಗೋಡೆಯಂತೂ ಮಣ್ಣು ಕಳಚಿಕೊಂಡು ನಿಂತಿತ್ತು. ಅದರ ಪಕ್ಕದ ಜಗಲಿಯಲ್ಲಿ ವೆಂಕಟಮ್ಮ ಎಂಬ ಅಜ್ಜಿ ಕೂತು ಅವರೆಕಾಯಿ ಸುಲಿಯುತ್ತಿತ್ತು. ಬೀದಿಯ ಹೆಸರು ಕೇಳಿದ್ದಕ್ಕೆ ತಲೆಯೆತ್ತದೆ, “ಆಳ್ಬೀದಿ ಕಣವ್ವ” ಎಂದಿತು.

ರೋಜಾ ಸುತ್ತ ನೋಡಿದಳು. ಬೀಗ, ಕಳಚಿದ ಗೋಡೆ, ಮೂಲೆಮನೆಯ ಮಾಡಿನ ಮೇಲೆ ಬೆಳೆದ ಹುಲ್ಲು. ಅಜ್ಜಿ ‘ಹ’ ನುಂಗಿದೆ ಎಂದುಕೊಂಡಳು. ತಾನು ಎಷ್ಟೋ ವರ್ಷ ನುಂಗಿರಲಿಲ್ಲವೇ? ಟ್ಯಾಬಿನಲ್ಲಿ ನೀಟಾಗಿ ‘ಹಾಳುಬೀದಿ’ ಎಂದು ಬರೆದಳು. ಬರೆಯುವಾಗ ಒಂದು ಚೂರು ಹೆಮ್ಮೆಯೂ ಆಯಿತು.

ಮಳೆಗಾಲಕ್ಕೆ ಮುಂಚೆ ಕರಡು ನಕ್ಷೆಯನ್ನು ಸಮುದಾಯ ಭವನದಲ್ಲಿ ಜನ ನೋಡಲೆಂದು ತೂಗುಹಾಕಿದರು. ಉಳಿಸುವ ಬೀದಿಗೆ ಹಸಿರು, ದುರಸ್ತಿಗೆ ಹಳದಿ, ಕೆಡವುವುದಕ್ಕೆ ಕೆಂಪು ಗೆರೆ. ಊರಿನವರು ಬಂದು ತಂತಮ್ಮ ಮನೆ ಹುಡುಕಿಕೊಂಡು ಬೆರಳಿಟ್ಟು ನೋಡಿ ಹೋಗುತ್ತಿದ್ದರು. ವೆಂಕಟಮ್ಮನೂ ಬಂದಿತು. ಓದು ಬಾರದ ಅಜ್ಜಿ ರೋಜಾಳ ಕೈ ಹಿಡಿದು, “ನಮ್ ಬೀದೀಗೆ ಏನ್ ಬರ್ದವ್ರೆ, ಓದವ್ವ” ಎಂದಿತು.

ರೋಜಾ ಓದತೊಡಗಿದಳು. ಹೊಳೆಯ ಪಕ್ಕ, ಸೊಟ್ಟ ತಿರುವು, ಅದರ ಮೇಲೆಲ್ಲ ಕೆಂಪು ಗೆರೆ. ಕೆಳಗೆ ಎರಡು ಸಾಲು: ‘ಸ್ಥಳೀಯರೇ ಹಾಳುಬೀದಿ ಎಂದು ಕರೆಯುವ, ಬಹುಪಾಲು ಜನವಸತಿಯಿಲ್ಲದ ಬೀದಿ. ತೆರವುಗೊಳಿಸಿ ಯಾತ್ರಿಕರ ವಾಹನ ನಿಲುಗಡೆಗೆ ಬಳಸುವುದು.’

ಅಜ್ಜಿ ಕೂಗಾಡಲಿಲ್ಲ. ಹಿಡಿದಿದ್ದ ಕೈ ಬಿಟ್ಟಿತು. “ನಾನ್ಯಾವಾಗವ್ವ ಅಂಗಂದೆ? ನಮ್ ಬೀದೀಗೆ ನಾವೇ ಆಳು ಅಂತ ಅಂದ್ಕೊಂಡೀವಾ?” ಎಂದಿತು. ಅದರ ಬಾಯಲ್ಲಿ ಹಾಳೂ ಆಳು, ಆಳೂ ಆಳು. ಆದರೆ ಎರಡರ ನಡುವಿನ ವ್ಯತ್ಯಾಸ ಆ ಅಜ್ಜಿಗೆ ಗೊತ್ತಿತ್ತು, ‘ಹ’ ಕಲಿತವಳಿಗೆ ಗೊತ್ತಾಗಿರಲಿಲ್ಲ. ರೋಜಾಳಿಗೆ ನಾಚಿಕೆಯಾಯಿತು. ಅಕ್ಷರವೊಂದರಿಂದ ತಾನು ನಗೆಪಾಟಲಾದದ್ದು ಅವಳಿಗೆ ನೆನಪಿತ್ತು. ಅದೇ ಅಕ್ಷರದಿಂದ ಇನ್ನೊಬ್ಬರ ಮನೆ ಕೆಡವಿಸಲು ಹೊರಟಿದ್ದೇನೆ ಎನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ.

ಮನೆಗೆ ಬಂದು ಸಿದ್ದುವಿಗೆ ಹೇಳಿದರೆ ಅವನು ಮೊದಲು ನಕ್ಕುಬಿಟ್ಟ. “ಆಳು ಮಾಡಿದ್ದು ಹಾಳು ಅಂತ ಗಾದೆನೇ ಐತಲ್ಲ. ಕಾಂಟ್ರಾಕ್ಟ್ ಆಳು ನೀನು, ಆಳ್ಬೀದೀನ ಹಾಳ್ಬೀದಿ ಮಾಡ್ಬಿಟ್ಟೆ” ಎಂದ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿ, “ಫೋನ್ ಮಾಡಿ ಮೇಡಮ್ಮಿಗೆ ಹೇಳು. ಕೆಲ್ಸ ಹೋದ್ರೆ ಹೋಗ್ಲಿ” ಎಂದ.

ಮೈತ್ರೇಯಿ ಪೂರ್ತಿ ಕೇಳಿಸಿಕೊಂಡರು. ನಮ್ಮ ಕಡೆ ‘ಹ’ ಬಿಡುತ್ತಾರೆ, ಅದನ್ನು ತಿದ್ದಲು ಹೋಗಿ ಇಲ್ಲದ ‘ಹ’ ನಾನೇ ಹಾಕಿದೆ ಎಂದು ರೋಜಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆ ಕಡೆಯಿಂದ ಬೈಗುಳ ಬರಲಿಲ್ಲ. “ಹೆಸರು ತಪ್ಪಾಗಿದ್ರೆ ತಿದ್ದೋಣ ರೋಜಾ. ಆದ್ರೆ ಹೆಸರೊಂದನ್ನೇ ನೋಡಿ ಕೆಂಪು ಗೆರೆ ಹಾಕಿಲ್ಲ. ಅರ್ಧಕ್ಕರ್ಧ ಮನೆ ಬೀಗ ಅಂತ ನೀವೇ ಬರ್ದಿದ್ದೀರಿ. ಜನ ಇಲ್ಲದ ಬೀದೀನ ಯಾರಿಗೋಸ್ಕರ ಉಳಿಸೋದು?” ಎಂದರು. ಮತ್ತೆ, “ಅಂದ ಹಾಗೆ, ಹಾಳು ಅಲ್ಲ ಅಂದ್ರೆ ಆ ಆಳು ಏನು? ತಿಳ್ಕೊಳ್ಳಿ. ಭಾನುವಾರ ನಾನೇ ಬರ್ತೀನಿ” ಎಂದರು. ಅವರಿಗೂ ಕುತೂಹಲವೆಂಬ ಕಾಯಿಲೆ ಇತ್ತು.

ರೋಜಾ ಮರುದಿನವೇ ಹೊರಟಳು. ಮೊದಲು ಸಿಕ್ಕವರು ನಿವೃತ್ತ ಉಪಾಧ್ಯಾಯರಾದ ಬದರೀನಾರಾಯಣ. ಅವರು ಕನ್ನಡಕ ಏರಿಸಿ, “ಅದು ಆಳ್ವಾರ್ ಬೀದಿ ಕಣಮ್ಮ. ಜನರ ಬಾಯಲ್ಲಿ ಸವೆದು ಆಳ್ಬೀದಿ ಆಗಿದೆ” ಎಂದರು. ಆಳ್ವಾರರು ಈ ಊರಿಗೆ ಯಾವಾಗ ಬಂದಿದ್ದರು ಎಂದು ಕೇಳಿದರೆ, ಬರಬೇಕೆಂದೇನೂ ಇಲ್ಲ, ಭಕ್ತಿ ಇದ್ದರೆ ಸಾಕು ಎಂದು ತಳ್ಳಿಹಾಕಿದರು. ಮುಂದೆ ಟೀ ಅಂಗಡಿಯ ದೇವರಾಜು, “ಅಲ್ಲಿ ಬೆಳಿಗ್ಗೆದ್ದು ಕೂಲಿ ಆಳ್ಗಳು ನಿಂತ್ಕೋತಿದ್ರು ಕಣಕ್ಕ, ಗದ್ದೆ ಕೆಲ್ಸಕ್ಕೆ ಕರ್ಕೊಂಡೋಗೋರು. ಅದ್ಕೇ ಆಳ್ಬೀದಿ” ಎಂದ. ನೀನು ನೋಡಿದ್ದೀಯಾ ಎಂದರೆ, “ನಮ್ಮಪ್ಪ ಯೋಳ್ತಿದ್ದ, ನಮ್ಮಪ್ಪ ಸುಳ್ಳೂ ಯೋಳ್ತಿದ್ದ” ಎಂದು ಟೀ ಸೋಸಿದ. ಒಬ್ಬೊಬ್ಬರೂ ಆ ಎರಡಕ್ಷರದೊಳಗೆ ತಮಗೆ ಬೇಕಾದ್ದನ್ನು ಇಟ್ಟುಕೊಂಡಿದ್ದರು. ತಾನೂ ಅದನ್ನೇ ಮಾಡಿದ್ದು ಎಂದು ರೋಜಾಳಿಗೆ ಅನ್ನಿಸಿತು.

ಕೊನೆಗೆ ಹೋಗಲೇಬೇಕಾದಲ್ಲಿಗೆ ಹೋದಳು. ವೆಂಕಟಮ್ಮ ಮುಖ ತಿರುಗಿಸಿತು. ರೋಜಾ ಜಗಲಿಯ ಮೇಲೆ ಕೂತು, ಮೊರದಲ್ಲಿದ್ದ ನೆನೆಸಿದ ಅವರೆಕಾಳು ಹಿತುಕತೊಡಗಿದಳು.

“ತಪ್ಪಾಯ್ತು ಅಜ್ಜಿ. ನೀವು ಯೋಳಿದ್ದು ಒಂದು, ನಾನ್ ಬರ್ದಿದ್ದು ಒಂದು. ಆಳ್ಬೀದಿ ಅಂದ್ರೆ ಏನು?” ಎಂದಳು ರೋಜಾ. ಆಫೀಸಿನ ಕನ್ನಡ ಬಿಟ್ಟು ಮುಡುಕುತೊರೆಯ ಮಾತು ತಾನಾಗಿ ಬಂದಿತ್ತು.

“ಅವತ್ತೇ ಕೇಳಿದ್ರೆ ಅವತ್ತೇ ಯೋಳ್ತಿದ್ದೆ. ಬರ್ಕೊಂಡು ಓಡೋದೆ” ಎಂದಿತು ಅಜ್ಜಿ. ಆಮೇಲೆ ಕಾಳಿನ ಮೊರ ಪಕ್ಕಕ್ಕಿಟ್ಟು ಹೇಳತೊಡಗಿತು. “ಕಪಿಲೆ ತುಂಬ್ತು ಅಂದ್ರೆ ಮೊದ್ಲು ನಮ್ ಬೀದೀಗೇ ಬರದು. ಬಂದು ಇಳ್ದೋದ್ ಮ್ಯಾಲೆ ಮಂಡಿಯುದ್ದ ಮೆಕ್ಕಲು. ಅದ ಯಾರ್ ತಗೀತಾರೆ? ಅದ್ಕೇ ಮನೆಗೊಂದಾಳು. ಜಾಗಟೆ ಒಡುದ್ರೆ ಮನೆಗೊಬ್ರು ಬಂದು ಬೀದೀಲಿ ನಿಲ್ಲಬೇಕು. ಗಂಡಾಗ್ಲಿ ಎಣ್ಣಾಗ್ಲಿ, ಬಡವ್ರಾಗ್ಲಿ ಸಾವ್ಕಾರ್ರಾಗ್ಲಿ. ಆಳು ಕಳಿಸ್ದಿದ್ರೆ ಆ ಮೆಕ್ಕಲೆಲ್ಲ ಅವ್ನ ಜಗಲಿ ಮ್ಯಾಲೇ ಸುರೀತೀವಿ. ಊರ್ನೋರು ಆಡ್ಕೊಂಡು ಆಳ್ಬೀದಿ ಅಂದ್ರು, ನಾವೂ ಅಂಗೇ ಅಂದ್ಕೊಂಡೊ.”

“ಮತ್ತೆ ಬೀಗ ಹಾಕಿರೋ ಮನೆಯೋರು?”

“ಬೀಗ ಆಕ್ದೆ ಕೆಲ್ಸಕ್ಕೆ ಓಗಾಕಾಯ್ತದಾ? ಒಬ್ರು ಫ್ಯಾಕ್ಟ್ರಿ, ಒಬ್ರು ಊವಿನ್ ಅಂಗ್ಡಿ. ಲೇಔಟ್ನಲ್ಲಿ ಮನೆ ಕಟ್ಟಿಸ್ಕೊಂಡೋಗಿರೋರೂ ಜಾಗಟೆ ಅಂದ್ರೆ ಬತ್ತಾರೆ. ಓದ್ ಸಲ ಬ್ಯಾಂಕ್ನೋನು ಪ್ಯಾಂಟ್ ಮಡಿಸ್ಕೊಂಡು ಮೆಕ್ಕಲು ಮಂಕ್ರಿ ಒತ್ತ.”

ರೋಜಾ ಬೆರಗಾಗಿ ಬೀದಿಯನ್ನು ಹೊಸದಾಗಿ ನೋಡಿದಳು. ಜಗಲಿಗಳು ಯಾಕೆ ಅಷ್ಟು ಎತ್ತರ ಎನ್ನುವುದೂ ಆಗ ಹೊಳೆಯಿತು. ಆ ಬೀಗಗಳನ್ನು ಅವಳು ಬರೆದುಕೊಂಡಿದ್ದಳು, ಅವು ಸಂಜೆ ತೆರೆಯುತ್ತವೆಯೇ ಎಂದು ನೋಡಲು ಒಂದು ಸಂಜೆಯೂ ಬಂದಿರಲಿಲ್ಲ.

ಭಾನುವಾರ ಮೈತ್ರೇಯಿ ಬಂದರು. ಅಜ್ಜಿಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿ, “ಕತೆ ಚೆನ್ನಾಗಿದೆ ಅಜ್ಜಿ. ಆದ್ರೆ ನಾನು ಕತೆಗೆ ಬಣ್ಣ ಹಾಕೋ ಹಾಗಿಲ್ಲ. ಜಾಗಟೆ ಹೊಡೆದ್ರೆ ಈಗ್ಲೂ ಬರ್ತಾರಾ?” ಎಂದರು.

“ಒಳೆ ಬರ್ದೆ ಸುಮ್ಕೆ ಒಡುದ್ರೆ ಜನ ನನ್ನ ಬೈತಾರೆ” ಎಂದಿತು ಅಜ್ಜಿ. ಆಮೇಲೆ ಬೀದಿಯ ಉದ್ದಕ್ಕೂ ಕಣ್ಣಾಡಿಸಿ, “ಮೋರಿ ಕಟ್ಕೊಂಡೈತೆ. ಮಳೆಗೆ ಮುಂಚೆ ತಗೀಲೇಬೇಕಿತ್ತು. ಇವತ್ತೇ ಆಗ್ಲಿ ಬುಡು” ಎಂದು ಒಳಗೆ ಹೋಗಿ ಕಂಚಿನ ಜಾಗಟೆ ತಂದಿತು. ಬೀದಿಯ ನಡುವೆ ನಿಂತು ಬಾರಿಸಿ, ಆ ಸಣ್ಣ ಮೈಯಿಂದ ಅಷ್ಟು ದೊಡ್ಡ ಕೂಗು ಹೇಗೆ ಬಂತೋ, “ಮನೆಗೊಂದಾಳೂ” ಎಂದಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬಾಗಿಲು ಕಿರುಗುಟ್ಟಿತು, ಅದರ ಎದುರಿನದು, ಅದರ ಮುಂದಿನದು. ಲುಂಗಿ ಎತ್ತಿ ಕಟ್ಟಿದವನು, ಕೂದಲು ಒಣಗಿಸುತ್ತಿದ್ದವಳು ಹಾಗೆಯೇ ತುರುಬು ಸುತ್ತಿಕೊಂಡು, ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿದ್ದವನು ಗೊಣಗುತ್ತಾ. ಯಾರೋ ಯಾರಿಗೋ ಫೋನ್ ಮಾಡಿದರು. ಲೇಔಟಿನವರು ಸ್ಕೂಟರಿನಲ್ಲಿ ಬಂದಿಳಿದರು. ಒಬ್ಬೊಬ್ಬರೂ ತಮ್ಮ ತಮ್ಮ ಬಾಗಿಲ ಮುಂದೆ ನಿಂತರು. ಮೈತ್ರೇಯಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದರು. ಒಂದು ಬಾಗಿಲ ಮುಂದೆ ಮಾತ್ರ ಯಾರೂ ಇರಲಿಲ್ಲ. ಅದು ಮೂಲೆಮನೆ.

ವೆಂಕಟಮ್ಮ ರೋಜಾಳನ್ನು ಪಕ್ಕಕ್ಕೆ ಎಳೆದು, “ಅದರ ಯಜಮಾನ ಬೆಟ್ಟಸ್ವಾಮಿ ನರ್ಸೀಪುರ ಸೇರ್ಕೊಂಡವ್ನೆ, ಬರಾಕಿಲ್ಲ. ನೀನೋಗಿ ನಿಂತ್ಕೊ ಮಗ. ಯಾರ್ಗ್ ಗೊತ್ತಾಯ್ತದೆ” ಎಂದು ಪಿಸುಗುಟ್ಟಿತು.

ನಿಂತುಬಿಟ್ಟಿದ್ದರೆ ಬೀದಿ ತುಂಬುತ್ತಿತ್ತು. ರೋಜಾಳಿಗೆ ಆಸೆಯೂ ಆಯಿತು. ಆದರೆ ತಲೆಯಾಡಿಸಿದಳು. “ಬ್ಯಾಡ ಅಜ್ಜಿ. ಇಲ್ದಿರೋ ‘ಹ’ ಹಾಕಿ ಒಂದ್ಸಲ ಕೆಡಿಸಿದೀನಿ. ಇಲ್ದಿರೋ ಆಳ್ನೂ ಹಾಕಾಕಿಲ್ಲ” ಎಂದಳು.

ಮೈತ್ರೇಯಿಗೆ ಅದು ಕೇಳಿಸಿತು. ಅವರು ಚಪ್ಪಲಿ ಬಿಚ್ಚಿಟ್ಟು ಮೋರಿ ಎತ್ತ ಇಳಿಯುತ್ತದೆ ಎಂದು ನೋಡಲು ಜನರ ಹಿಂದೆ ಹೋದರು. ಹೋಗುವಾಗ ರೋಜಾಳಿಗೆ, “ಕೆಂಪು ಗೆರೆ ಅಳಿಸೋಕೆ ನಾನು ಬರೀತೀನಿ. ದುರಸ್ತಿ ಅಂತ ಹಾಕೋಣ. ಆದ್ರೆ ಆ ಮೂಲೆಮನೆ ಹೀಗೇ ಖಾಲಿ ಬಿದ್ದಿದ್ರೆ ಅದು ಬಿದ್ದೋಗತ್ತೆ, ಪಕ್ಕದ್ದನ್ನೂ ಬೀಳಿಸತ್ತೆ. ಅದನ್ನ ನಕ್ಷೆಯಲ್ಲಿ ಸರಿಮಾಡೋಕಾಗಲ್ಲ” ಎಂದರು.

ಈ ಮಾತು ರೋಜಾಳ ತಲೆಯೊಳಗೆ ಕೊರೆಯುತ್ತಲೇ ಇತ್ತು. ಟಿ. ನರಸೀಪುರದ ಸರ್ವೆಗೆ ಹೋದಾಗ ಕೇಳಿಕೊಂಡು ಕೇಳಿಕೊಂಡು ಬೆಟ್ಟಸ್ವಾಮಿಯನ್ನು ಹುಡುಕಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ ಕೂತಿದ್ದ. ಆಳುಬೀದಿ ಎಂದೊಡನೆ ಅವನ ಕೈ ನಿಂತಿತು. “ಇನ್ನೂ ಜಾಗಟೆ ಒಡೀತಾರಾ ಅಲ್ಲಿ?” ಎಂದು ಕೇಳಿದ. ಅಮ್ಮ ತೀರಿಕೊಂಡ ಮೇಲೆ ಆ ಕಡೆ ಹೋಗಲು ಮನಸ್ಸಾಗಲಿಲ್ಲವಂತೆ. ಒಂದು ಪ್ರವಾಹಕ್ಕೆ ಆಳು ಕಳಿಸಲಿಲ್ಲ, ಆಮೇಲೆ ಮುಖ ತೋರಿಸಲು ನಾಚಿಕೆಯಂತೆ.

ರೋಜಾ ಸರ್ವೆಯ ಮಾತು ಮುಗಿಸಿ, ಬರುವಾಗ ತನಗೇ ಗೊತ್ತಿಲ್ಲದೆ, “ಮನೆ ಬಾಡಿಗೆಗೆ ಕೊಡ್ತೀರಾಣ್ಣ?” ಎಂದಳು. ಕೇಳಿದ ಮೇಲೆ ಗಂಟಲು ಸರಿಮಾಡಿಕೊಳ್ಳುವ ಆ ಸದ್ದಿಗೆ ಕಾದಳು.

ಬೆಟ್ಟಸ್ವಾಮಿ ಟ್ಯೂಬು ಒರೆಸುತ್ತಾ, “ಗ್ವಾಡೆ ನೀವೇ ನೋಡ್ಕಳಿ. ಜಾಗಟೆ ಒಡುದ್ರೆ ನಮ್ ಮನೆ ಕಡೆಯಿಂದ ಒಬ್ರು ಓಗಿ. ಅಷ್ಟು ಮಾಡುದ್ರೆ ಸಾಕು” ಎಂದ.

ರೋಜಾ, ಸಿದ್ದು ರಜೆಯ ದಿನಗಳಲ್ಲಿ ಮಣ್ಣು ಕಲಸಿ ಗೋಡೆ ಮೆತ್ತಿದರು, ಹಂಚು ಬದಲಿಸಿದರು, ಬುದ್ಧನ ಪಟಕ್ಕೆ ಮೊಳೆ ಹೊಡೆದರು. ಬೀದಿಯಲ್ಲಿ ಕೆಲವರು ನಕ್ಕು ಮಾತಾಡಿಸಿದರು, ಕೆಲವರು ದೂರದಿಂದ ನೋಡಿದರು. ತಿದ್ದಿದ ನಕ್ಷೆ ಬಂದಾಗ ಬೀದಿಗೆ ಹಳದಿ ಬಣ್ಣವಿತ್ತು, ಮೇಲೆ ‘ಆಳುಬೀದಿ’ ಎಂದಿತ್ತು. ರೋಜಾ ಅದನ್ನು ಎರಡೆರಡು ಸಲ ಓದಿದಳು.

ಆ ಮಳೆಗಾಲ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರು. ಕಪಿಲೆ ಬೀದಿಗೆ ಬಂದು ಜಗಲಿ ಮುಟ್ಟಿ ಇಳಿದು ಹೋದಳು. ಬೆಳಗ್ಗೆ ಜಾಗಟೆ ಕೇಳಿಸಿತು. ಸಿದ್ದು ಶಿಫ್ಟಿನಲ್ಲಿದ್ದ. ರೋಜಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೆಕ್ಕಲಿಗೆ ಇಳಿದಳು. ಎದುರುಮನೆಯ ಮದನ್ ಸನಿಕೆಗಳನ್ನು ಹಂಚುತ್ತಾ ಬಂದವನು ಅವಳೆದುರು ನಿಂತ. ಇಷ್ಟು ದಿನ ಬಾಯಿಯ ತುದಿಯಲ್ಲಿದ್ದದ್ದು ಈಗ ಬಂತು. “ಕೇಳ್ದೆ ಅಂತ ಬೇಜಾರ್ ಮಾಡ್ಕೋಬೇಡಿ ಅಕ್ಕ. ನೀವು ಯಾವ ಜನ?” ಎಂದ.

ರೋಜಾ ಬಾಯಿ ತೆರೆಯುವಷ್ಟರಲ್ಲಿ ಆ ತುದಿಯಿಂದ ವೆಂಕಟಮ್ಮನ ಕೂಗು ಬಂತು.

“ಅವ್ಳು ಮೂಲೆಮನೆ ಆಳು ಕಣ್ಲಾ. ಸನ್ಕೆ ಕೊಡು.”